ಕೇಳಿದ್ದು ಸಿಗದೆ ಹೋದ ಮೇಲೆ ‘ನಿರೀಕ್ಷೆ’ ಎಂಬ ಮಾತಿಗೆ ಉಳಿಯುವ ಅರ್ಥವೇನು?

ಪ್ರಶ್ನೆ
ಬರೆದವರು: ಹಾವೇರಿ ಕಡೆಯ ಶಿಕ್ಷಕಿ

ಎಲ್ಲರಿಗೂ ವಂದನೆಗಳು. ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುವವಳು. ನಮ್ಮದು ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ. ಎಂಬ ಪ್ರಾಟೆಸ್ಟಂಟ್ ಕ್ರೈಸ್ತ ಸಭೆಗೆ) ಸೇರಿದ ಮನೆತನ. ಅಜ್ಜಿಯ ಕಾಲದಿಂದಲೂ ರಾತ್ರಿ ಸತ್ಯವೇದದ, ಅಂದರೆ ಬೈಬಲಿನ, ಒಂದು ಅಧ್ಯಾಯ ಓದಿ, ಒಂದು ಹಾಡು ಹಾಡಿ, ಪ್ರಾರ್ಥನೆ ಮಾಡಿದ ಮೇಲೆಯೇ ತಟ್ಟೆಗೆ ಕೈಹಾಕುವುದು ನಮ್ಮಲ್ಲಿ ರೂಢಿ. ಹನ್ನೊಂದು ತಿಂಗಳ ಹಿಂದೆ ನನ್ನ ತಮ್ಮ ತೀರಿಕೊಂಡ. ಅವನಿಗೆ ಮೂವತ್ತೊಂದು ವರ್ಷ. ಎರಡೂ ಮೂತ್ರಪಿಂಡಗಳು ಕೆಟ್ಟುಹೋಗಿ, ಎರಡು ವರ್ಷ ಕಾಲ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ನಾಲ್ಕು ಗಂಟೆ ಮಲಗಿ ಬಂದವನು. ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಹೇಳಿದ್ದರಿಂದ ಅಮ್ಮ ಬೆಳಿಗ್ಗೆಯೇ ಒಂದು ಸ್ಟೀಲ್ ಚೊಂಬಿನಲ್ಲಿ ಅಳೆದು ಇಡುತ್ತಿದ್ದರು. ಬೇಸಿಗೆಯಲ್ಲಿ ಅದು ಮಧ್ಯಾಹ್ನಕ್ಕೇ ಮುಗಿದುಹೋದರೆ, ಉಳಿದ ನಾವೂ ಅವನ ಎದುರು ನೀರು ಕುಡಿಯುತ್ತಿರಲಿಲ್ಲ.

ಡಯಾಲಿಸಿಸ್‌ಗೆಂದು ಅವನ ಎಡಗೈಯಲ್ಲಿ ರಕ್ತನಾಳಗಳನ್ನು ಕೂಡಿಸಿ ಫಿಸ್ಟುಲಾ ಮಾಡಿದ್ದರು. ಅದರ ಮೇಲೆ ಬೆರಳಿಟ್ಟರೆ ಚರ್ಮದ ಕೆಳಗೆ ಜೇನುಹುಳವೊಂದು ಸಿಕ್ಕಿಕೊಂಡು ಗುಂಯ್‌ಗುಡುತ್ತಿರುವಂತೆ ತಿಳಿಯುತ್ತಿತ್ತು. ಆ ಕಂಪನ ನಿಂತರೆ ಕೂಡಲೇ ಕರೆತರಬೇಕೆಂದು ನರ್ಸ್ ಹೇಳಿಕೊಟ್ಟಿದ್ದರು. ರಾತ್ರಿ ಅವನು ನಿದ್ದೆಹೋದ ಮೇಲೆ ನಾನು ಮೆಲ್ಲಗೆ ಹೋಗಿ ಬೆರಳಿಟ್ಟು ನೋಡಿ, ಗುಂಯ್‌ಗುಡುತ್ತಿದ್ದರೆ ‘ಸ್ತೋತ್ರ ಕರ್ತನೇ’ ಎಂದು ಹೇಳಿ ಬಂದು ಮಲಗುತ್ತಿದ್ದೆ. ಈಗಲೂ ಕೆಲವು ರಾತ್ರಿ ಎಚ್ಚರವಾದಾಗ ಬೆರಳು ಅದನ್ನೇ ಹುಡುಕುತ್ತದೆ.

ನಾವು ಪ್ರಾರ್ಥಿಸದೆ ಇದ್ದ ದಿನವಿಲ್ಲ. ಉಪವಾಸ ಪ್ರಾರ್ಥನೆಗಳನ್ನು ಇಟ್ಟೆವು. ಅವನು ಹೋಗುವುದಕ್ಕೆ ಮೂರು ತಿಂಗಳ ಮುಂಚೆ, ಬೇರೆ ಊರಿನಿಂದ ಬಂದಿದ್ದ ಪ್ರಸಂಗಿಯೊಬ್ಬರು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಈ ಮನೆಯಲ್ಲಿ ನಂಬಿಕೆ ಸಾಲದು, ಯಾರೋ ಒಬ್ಬರು ಸಂದೇಹಪಡುತ್ತಿದ್ದಾರೆ ಎಂದು ಹೇಳಿ ಹೋದರು. ಆ ಒಬ್ಬರು ನಾನೇ ಇರಬೇಕೆಂದು ಆ ದಿನದಿಂದ ಲೆಕ್ಕ ಹಾಕುತ್ತಲೇ ಇದ್ದೇನೆ.

ನನ್ನ ಪ್ರಶ್ನೆ ಇಷ್ಟು. ಮಣ್ಣು ಕೊಡುವಾಗ ಅಯ್ಯನವರು (ಸಭಾಪಾಲಕರು) ಓದಿದ ಶವಸಂಸ್ಕಾರದ ಕ್ರಮದಲ್ಲಿ ಪುನರುತ್ಥಾನದ ‘ನಿಶ್ಚಯವಾದ ನಿರೀಕ್ಷೆ’ ಎಂಬ ಮಾತು ಬಂತು. ಕನ್ನಡ ಕಲಿಸುವವಳಿಗೆ ಪದವೊಂದು ಕಿವಿಗೆ ಬಿದ್ದರೆ ಸುಮ್ಮನಿರಲು ಆಗುವುದಿಲ್ಲ. ನಾವು ಮಳೆಯನ್ನು ನಿರೀಕ್ಷಿಸುತ್ತೇವೆ, ಫಲಿತಾಂಶವನ್ನು ನಿರೀಕ್ಷಿಸುತ್ತೇವೆ. ಬಾರದಿದ್ದರೆ ‘ನಿರೀಕ್ಷೆ ಹುಸಿಯಾಯಿತು’ ಎಂದು ಪತ್ರಿಕೆಯಲ್ಲಿ ಬರೆಯುತ್ತಾರೆ. ಎರಡು ವರ್ಷ ನಾನು ನಿರೀಕ್ಷಿಸಿದ್ದು ಒಂದೇ ಸಂಗತಿಯನ್ನು, ಮತ್ತು ಅದು ಆಗಲಿಲ್ಲ. ಹಾಗಿರುವಾಗ ಅದೇ ಪದವನ್ನು ಅವನ ಗುಂಡಿಯ ಬಳಿ ನಿಂತು ಹೇಗೆ ಹೇಳುವುದು? ಅಮ್ಮ ಈಗಲೂ ಪ್ರತಿ ರಾತ್ರಿ ಹಾಡುತ್ತಾರೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಬಾಯಿ ತೆರೆಯುವುದಿಲ್ಲ. ದೇವರಿಲ್ಲವೆಂದು ನನಗೆ ಅನಿಸಿಲ್ಲ. ಅವನಿಂದ ಇನ್ನು ಏನನ್ನು ನಿರೀಕ್ಷಿಸಬೇಕೆಂಬುದು ಮಾತ್ರ ತಿಳಿಯದಾಗಿದೆ. ‘ಎಲ್ಲವೂ ಒಳ್ಳೆಯದಕ್ಕೇ’ ಎಂಬ ಉತ್ತರವನ್ನು ದಯವಿಟ್ಟು ಬರೆಯಬೇಡಿ. ಅದನ್ನು ಸಾಕಷ್ಟು ಜನ ಹೇಳಿದ್ದಾರೆ.


ಉತ್ತರ
ಬರೆದವರು: ನಿವೃತ್ತ ಸಭಾಪಾಲಕ, ಧಾರವಾಡ

ಸಹೋದರಿ, ಮೊದಲಿಗೆ ಆ ಪ್ರಸಂಗಿಯ ಮಾತನ್ನು ಇತ್ಯರ್ಥ ಮಾಡಿಬಿಡೋಣ, ಏಕೆಂದರೆ ಅದು ಎದೆಯಲ್ಲಿ ಇರುವವರೆಗೆ ಉಳಿದ ಯಾವ ಮಾತೂ ಒಳಗೆ ಇಳಿಯದು. ಕಾಯಿಲೆ ವಾಸಿಯಾಗದಿರುವುದಕ್ಕೆ ನಂಬಿಕೆಯ ಕೊರತೆಯೇ ಕಾರಣವಾಗಿದ್ದರೆ ಅಪೊಸ್ತಲನಾದ ಪೌಲನು ನಂಬಿಕೆ ಸಾಲದವರ ಪಟ್ಟಿಯಲ್ಲಿ ಮೊದಲು ನಿಲ್ಲಬೇಕಾಗುತ್ತದೆ. ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆಯೆಂದು ಅವನು ಮೂರು ಬಾರಿ ಬೇಡಿಕೊಂಡನು, ಅದು ಹೋಗಲಿಲ್ಲ. ತನ್ನ ಜೊತೆಗಾರನಾದ ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟುಬಂದೆನೆಂದು ತಿಮೊಥೆಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳುತ್ತಾನೆ. ಅದಕ್ಕೆ ಕಾರಣವನ್ನೂ ಕೊಡುವುದಿಲ್ಲ, ಯಾರ ನಂಬಿಕೆಯನ್ನೂ ತೂಗುವುದಿಲ್ಲ. ಇನ್ನು ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಮಗನನ್ನು ಕರೆತಂದ ತಂದೆಯೊಬ್ಬನಿದ್ದಾನೆ. ‘ನಂಬುತ್ತೇನೆ, ನನ್ನ ಅಪನಂಬಿಕೆಯನ್ನು ಪರಿಹರಿಸು’ ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಕೂಗಿ ಹೇಳಿದವನು ಅವನು. ಯೇಸು ಅವನ ಮಗನನ್ನು ಗುಣಪಡಿಸಿದನು. ಸಂದೇಹವಿದ್ದವನ ಮಗ ಗುಣವಾದ, ಪೌಲನ ಶೂಲ ಉಳಿಯಿತು. ಇವೆರಡನ್ನೂ ಎದುರಿಗಿಟ್ಟುಕೊಂಡು ಯಾರಾದರೂ ನಂಬಿಕೆಯನ್ನು ತಕ್ಕಡಿಗೆ ಹಾಕುವ ಸೂತ್ರ ಮಾಡಬಲ್ಲರೇ? ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳಲು ಮೈಕು ಸಿಗುವುದು ವಾಸಿಯಾದವರಿಗೆ ಮಾತ್ರ. ವಾಸಿಯಾಗದೆಯೂ ದೇವರನ್ನು ಬಿಡದವರ ಸಾಕ್ಷಿಯನ್ನು ಕೇಳುವ ಪದ್ಧತಿಯನ್ನು ನಾವು ಬೆಳೆಸಲಿಲ್ಲ. ಅದು ನಮ್ಮ, ಅಂದರೆ ಸಭಾಪಾಲಕರ, ತಪ್ಪು.

ಈಗ ನಿಮ್ಮ ಪದಕ್ಕೆ ಬರುತ್ತೇನೆ. ನೀವು ಕನ್ನಡದವರಾದ್ದರಿಂದ ವ್ಯಾಕರಣದಿಂದಲೇ ಆರಂಭಿಸುವುದು ಒಳ್ಳೆಯದು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಕೈಹಾಕಿದ ಕನ್ನಡ ಬೈಬಲಿನ ಕೆಲಸ, ಹಲವು ಪರಿಷ್ಕರಣೆಗಳನ್ನು ದಾಟಿ ನಮ್ಮ ಕೈಗೆ ಬಂದಿದೆ. ‘ನಂಬಿಕೆ, ನಿರೀಕ್ಷೆ, ಪ್ರೀತಿ’ ಎಂಬ ಮೂರು ಪದಗಳು ಹೀಗೆ ನಮ್ಮ ನಾಲಿಗೆಯಲ್ಲಿ ನೆಲೆಸಿವೆ. ‘ನಿರೀಕ್ಷೆ’ಯ ಒಳಗಿರುವುದು ನೋಡುವುದೆಂಬ ಧಾತು, ಹಳೆಯ ಕನ್ನಡದಲ್ಲಿ ‘ಇದಿರುನೋಡು’ ಎನ್ನುತ್ತಿದ್ದೆವಲ್ಲ, ಅದೇ. ಆದರೆ ಬೈಬಲಿನ ಕೀರ್ತನೆಗಳನ್ನು ಓದುವಾಗ ಆ ಕ್ರಿಯಾಪದದ ಕರ್ಮ ಯಾವುದೆಂಬುದನ್ನು ಗಮನಿಸಿ. ‘ಯೆಹೋವನನ್ನು ನಿರೀಕ್ಷಿಸು’ ಎಂದಿರುತ್ತದೆ. ದ್ವಿತೀಯಾ ವಿಭಕ್ತಿ ಅಂಟಿಕೊಂಡಿರುವುದು ಒಬ್ಬಾತನಿಗೆ, ಆತನಿಂದ ಆಗಬೇಕಾದ ಕೆಲಸಕ್ಕಲ್ಲ. ಬಸ್ಸನ್ನು ಕಾಯುವುದೇ ಬೇರೆ, ಬಸ್ಸಿನಲ್ಲಿ ಬರಬೇಕಾದ ಮಗನ ದಾರಿ ಕಾಯುವುದೇ ಬೇರೆ. ಬಸ್ಸು ಬಾರದಿದ್ದರೆ ಟೆಂಪೋ ಹತ್ತಿ ಹೋಗುತ್ತೇವೆ, ಲೆಕ್ಕ ಅಲ್ಲಿಗೆ ಮುಗಿಯಿತು. ಮಗ ಬಾರದಿದ್ದರೆ ತಾಯಿ ಬಾಗಿಲ ಅಗುಳಿ ಹಾಕುವುದಿಲ್ಲ. ನೀವು ಎರಡು ವರ್ಷ ಕಾದದ್ದು ಗುಣವಾಗುವುದನ್ನು, ಅದರ ಜೊತೆಗೇ ದೇವರನ್ನು. ಮೊದಲನೆಯದು ಆಗಲಿಲ್ಲ, ಅದನ್ನು ಆಯಿತೆಂದು ಹೇಳಲು ನನ್ನಿಂದಾಗದು. ಎರಡನೆಯದು ಹುಸಿಯಾಯಿತೇ ಎಂಬುದು ಇನ್ನೂ ತೀರ್ಮಾನವಾಗದ ಪ್ರಶ್ನೆ, ಮತ್ತು ನೀವು ‘ದೇವರಿಲ್ಲವೆಂದು ಅನಿಸಿಲ್ಲ’ ಎಂದು ಬರೆದಿರುವುದರಿಂದ, ಕೋಪದಿಂದಲೋ ದಣಿವಿನಿಂದಲೋ ನೀವಿನ್ನೂ ಆ ಬಾಗಿಲ ಕಡೆಗೇ ಮುಖ ಮಾಡಿದ್ದೀರಿ ಎಂದು ನನಗೆ ತೋರುತ್ತದೆ.

130ನೆಯ ಕೀರ್ತನೆಯಲ್ಲಿ ಬೆಳಗಾಗುವುದನ್ನು ಕಾಯುವ ಕಾವಲುಗಾರನ ಮಾತು ಬರುತ್ತದೆ, ಅದೂ ಒಂದೇ ಮಾತು ಬೆನ್ನುಬೆನ್ನಿಗೆ ಎರಡು ಸಲ. ನಮ್ಮ ಕಡೆ ಜೋಳ ಹಾಲುಗಾಳಾದಾಗ ಹೊಲದಲ್ಲಿ ಅಟ್ಟಣೆ ಕಟ್ಟಿ ರಾತ್ರಿ ಕಾಯುವುದನ್ನು ನೀವು ಕಂಡಿರುತ್ತೀರಿ. ಅಟ್ಟಣೆಯ ಮೇಲಿರುವವನು ಬೆಳಕನ್ನು ಬೇಗ ಬರಿಸಲಾರ. ಅವನ ಕಣ್ಣು ಎಷ್ಟು ಎಚ್ಚರವಾಗಿದೆ ಎಂಬುದರ ಮೇಲೆ ಸೂರ್ಯ ಹುಟ್ಟುವುದೂ ಇಲ್ಲ. ನಡುರಾತ್ರಿ ಅವನು ತೂಕಡಿಸಿದರೂ ಮೂಡಣ ಕೆಂಪಾಗಿಯೇ ಆಗುತ್ತದೆ. ಆ ಪ್ರಸಂಗಿ ಇದನ್ನು ತಲೆಕೆಳಗು ಮಾಡಿ, ಬೆಳಗಾಗದಿದ್ದುದು ನಿಮ್ಮ ತೂಕಡಿಕೆಯಿಂದ ಎಂದು ಹೇಳಿ ಹೋದರು.

ಬೇಥಾನ್ಯದ ಮನೆಯನ್ನೂ ನೆನೆಯಬೇಕು. ಯೇಸುವಿನ ಗೆಳೆಯನಾದ ಲಾಜರನು ಸತ್ತ ನಾಲ್ಕನೆಯ ದಿನ ಯೇಸು ಬಂದಾಗ ಅವನ ಅಕ್ಕ ಮಾರ್ಥಳು ಹೇಳುವ ಮೊದಲ ಮಾತು ಆಕ್ಷೇಪಣೆ: ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮರಿಯಳೂ ಬಂದು ಅದನ್ನೇ ಹೇಳುತ್ತಾಳೆ. ಆತನು ಬರುವ ಮೊದಲು ಅಕ್ಕತಂಗಿಯರು ಆ ವಾಕ್ಯವನ್ನು ಮನೆಯೊಳಗೆ ಎಷ್ಟು ಬಾರಿ ಆಡಿಕೊಂಡಿದ್ದರೋ. ಯೇಸು ಅವರಿಬ್ಬರನ್ನೂ ಗದರಿಸಲಿಲ್ಲ, ಮಾರ್ಥಳಿಗೆ ಪುನರುತ್ಥಾನದ ಮಾತು ಹೇಳಿದನು, ಮರಿಯಳ ಎದುರಿಗೆ ಕಣ್ಣೀರು ಬಿಟ್ಟನು. ಇನ್ನೊಂದು ಗಳಿಗೆಯಲ್ಲಿ ಲಾಜರನನ್ನು ಎಬ್ಬಿಸಲಿದ್ದವನು ಏಕೆ ಅಳಬೇಕಾಗಿತ್ತು ಎಂದು ನಾನು ಬಹಳ ಕಾಲ ಯೋಚಿಸಿದ್ದೇನೆ. ಮುಂದೆ ಏಳುವನೆಂದು ತಿಳಿದಿರುವುದರಿಂದ ಈಗಿನ ಸಾವು ಸಣ್ಣದಾಗುವುದಿಲ್ಲ ಎಂಬುದನ್ನು ಬಿಟ್ಟು ನನಗೆ ಬೇರೆ ಉತ್ತರ ಹೊಳೆದಿಲ್ಲ. ಥೆಸಲೋನಿಕದವರಿಗೆ ಪೌಲನು ಬರೆದದ್ದನ್ನು ನಾವು ಅಳಬಾರದೆಂಬ ಆಜ್ಞೆಯಂತೆ ಸಾವಿನ ಮನೆಗಳಲ್ಲಿ ಓದುತ್ತೇವೆ. ಅವನು ಬರೆದದ್ದು, ನಿರೀಕ್ಷೆಯಿಲ್ಲದವರಂತೆ ದುಃಖಿಸಬಾರದೆಂದು. ದುಃಖಿಸುವ ಹಕ್ಕನ್ನು ಅವನು ಕಿತ್ತುಕೊಂಡಿಲ್ಲ.

ಹೊಸದಾಗಿ ದೀಕ್ಷೆ ಪಡೆದಿದ್ದ ಕಾಲದಲ್ಲಿ ನಾನೇ ಒಂದು ಹಸುಗೂಸಿನ ಗುಂಡಿಯ ಪಕ್ಕದಲ್ಲಿ ನಿಂತು ತಾಯಿಗೆ ‘ದೇವರ ಚಿತ್ತ’ ಎಂದು ಹೇಳಿದ್ದುಂಟು. ಆಕೆ ನನ್ನನ್ನು ಒಮ್ಮೆ ನೋಡಿದಳು. ಉತ್ತರ ಕೊಡಲಿಲ್ಲ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಬಾಯಿ ತೆರೆಯುವ ಮುನ್ನ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಅವನ ಜೊತೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ಆ ನೋಟದ ನಂತರವೇ ನನಗೆ ಅರ್ಥವಾಯಿತು.


ಉತ್ತರ
ಬರೆದವರು: ನೇಕಾರ, ಬೆಟಗೇರಿ

ನಾನು ಹೆಚ್ಚು ಓದಿದವನಲ್ಲ, ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡೇ ಆಯುಷ್ಯ ಕಳೆದವನು. ಅಯ್ಯನವರು ಪದದ ವಿಷಯ ಎತ್ತಿದ್ದರಿಂದ, ನಮ್ಮ ಸಭೆಯ ವೇದಾಧ್ಯಯನದಲ್ಲಿ ಒಮ್ಮೆ ಕೇಳಿ ನನ್ನ ತಲೆಯಲ್ಲಿ ಉಳಿದುಹೋದ ಸಂಗತಿಯೊಂದನ್ನು ಬರೆಯುತ್ತೇನೆ. ಯೋಬನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಅವನು, ನನ್ನ ದಿನಗಳು ಲಾಳಿಗಿಂತ ಬೇಗ ಓಡಿ ನಿರೀಕ್ಷೆಯಿಲ್ಲದೆ ಮುಗಿಯುತ್ತವೆ ಎನ್ನುತ್ತಾನೆ. ಅಲ್ಲಿ ನಿರೀಕ್ಷೆಗೆ ಇಬ್ರಿಯದಲ್ಲಿರುವ ಪದ ‘ತಿಕ್ವಾ’. ಅದೇ ಪದಕ್ಕೆ ದಾರ, ಹುರಿ ಎಂಬ ಅರ್ಥವೂ ಇದೆಯಂತೆ. ಇಸ್ರಾಯೇಲಿನ ಗೂಢಚಾರರನ್ನು ಅಡಗಿಸಿಟ್ಟ ಯೆರಿಕೋವಿನ ರಾಹಾಬಳು, ಊರು ಬೀಳುವಾಗ ತನ್ನ ಮನೆಯವರು ಉಳಿಯಲೆಂದು ಗುರುತಿಗೆ ಕಿಟಕಿಗೆ ಕಟ್ಟಿದ ಕೆಂಪು ಹುರಿಗೂ ಯೆಹೋಶುವನ ಗ್ರಂಥದಲ್ಲಿ ಇದೇ ಪದ. ಹಾಗಾದರೆ ಯೋಬ ಹೇಳಿದ್ದು, ನೂಲು ಮುಗಿದುಹೋಯಿತು ಎಂದೂ ಆಗುತ್ತದೆ. ಅದನ್ನು ಕೇಳಿದ ದಿನ, ಇವನು ಮಗ್ಗ ನೋಡಿದವನೇ ಸರಿ ಎಂದು ನಾನು ಪಕ್ಕದವನಿಗೆ ಹೇಳಿದೆ.

ಕರೆಂಟು ಹೋದಾಗ ನಾವು ಚಿಮಣಿ ದೀಪದಲ್ಲಿ ನೇಯುತ್ತಿದ್ದ ಕಾಲವಿತ್ತು. ಲಾಳಿಯೊಳಗಿನ ಕಂಡಿಕೆಯಲ್ಲಿ, ಅಂದರೆ ನೂಲು ಸುತ್ತಿದ ಕಡ್ಡಿಯಲ್ಲಿ, ನೂಲು ತೀರಿದ್ದು ಕೂಡಲೇ ಗೊತ್ತಾಗುವುದಿಲ್ಲ. ಲಾಳಿ ಮೊದಲಿನಂತೆಯೇ ಅತ್ತಿಂದಿತ್ತ ಓಡುತ್ತದೆ, ಸದ್ದೂ ಅದೇ, ಕೈಕಾಲಿನ ಲಯವೂ ಅದೇ. ಬಟ್ಟೆ ಮಾತ್ರ ಬೆಳೆಯುವುದಿಲ್ಲ. ನೀವು ಹನ್ನೊಂದು ತಿಂಗಳಿಂದ ತುಟಿ ಬಿಚ್ಚದೆ ಹಾಡಿನ ಹೊತ್ತಿಗೆ ಕೂರುತ್ತಿದ್ದೀರಿ ಎಂದು ಓದಿದಾಗ ನನಗೆ ಆ ಬರಿ ಲಾಳಿಯ ನೆನಪಾಯಿತು. ಆದರೆ ಒಂದು ಮಾತು. ಕಂಡಿಕೆ ಬರಿದಾಯಿತೆಂದು ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸು ಕಡಿದುಹೋಗುವುದಿಲ್ಲ. ಅಡ್ಡಕ್ಕೆ ಓಡುವ ಹೊಕ್ಕಿನ ನೂಲು ಎಲ್ಲಿ ನಿಂತಿತೋ ಆ ಜಾಗವನ್ನು ಬೆರಳಿನಿಂದ ತಡವಿ ಹುಡುಕಿ, ಹೊಸ ಕಂಡಿಕೆ ಹಾಕಿ, ಅಲ್ಲಿಂದಲೇ ಮುಂದುವರಿಸುತ್ತೇವೆ. ಕಂಡಿಕೆ ಸುತ್ತುವುದು ನೇಯುವವನ ಕೆಲಸವಲ್ಲ. ನಮ್ಮ ಮನೆಗಳಲ್ಲಿ ಅದನ್ನು ಮುದುಕಿಯರು ಕೂತು ಸುತ್ತಿ ಬುಟ್ಟಿ ತುಂಬಿಸಿ ಇಡುತ್ತಾರೆ. ನಿಮ್ಮ ತಾಯಿ ರಾತ್ರಿ ಹಾಡುವುದನ್ನು ನಿಲ್ಲಿಸದೆ ಇರುವುದಕ್ಕೆ ಇದೇ ಕಾರಣವಿರಬಹುದು ಎಂದು ನನಗೆ ಅನ್ನಿಸಿತು. ತಪ್ಪಿದ್ದರೆ ಮನ್ನಿಸಿ.

ರಾಹಾಬಳ ಮನೆ ಆ ಗೋಡೆಯ ಮೇಲೆಯೇ ಇತ್ತು, ಅಂದರೆ ಬೀಳಬೇಕಾಗಿದ್ದ ಗೋಡೆ. ಹುರಿ ಕಟ್ಟಿದ ಮೇಲೂ ಎಷ್ಟೋ ದಿನ ಏನೂ ಆಗಲಿಲ್ಲ. ಸುತ್ತಲೂ ಸೈನ್ಯ ಸುಮ್ಮನೆ ಸುತ್ತು ಹಾಕುತ್ತಿರುವಾಗ ಆಕೆ ಆ ಹುರಿಯನ್ನು ನೋಡುತ್ತ ಏನೆಂದುಕೊಂಡಿರಬೇಕು ಎಂದು ನನ್ನ ಹೆಂಡತಿ ಕೇಳುತ್ತಾಳೆ. ನನಗೂ ಗೊತ್ತಿಲ್ಲ.


ಉತ್ತರ
ಬರೆದವರು: ಓದುಗ, ಶಿವಮೊಗ್ಗ

ನಾನು ಕ್ರೈಸ್ತನಲ್ಲ, ದೇವರನ್ನು ನಂಬುವವನೂ ಅಲ್ಲ. ಪ್ರಶ್ನೆ ಕೇಳಿದವರ ದುಃಖದ ಬಗ್ಗೆ ನನಗೆ ಗೌರವವಿದೆ; ಆ ಪ್ರಸಂಗಿಯ ನಡತೆಯ ಬಗ್ಗೆ ಸಭಾಪಾಲಕರು ಬರೆದದ್ದನ್ನೂ ಒಪ್ಪುತ್ತೇನೆ. ಆದರೂ ಒಂದು ಮಾತನ್ನು ಕೇಳದಿರಲಾರೆ. ‘ಫಲವನ್ನಲ್ಲ, ದೇವರನ್ನೇ ನಿರೀಕ್ಷಿಸು’ ಎಂದರೆ, ಏನೇ ಆದರೂ ಸೋಲದ ಹಾಗೆ ಮೊದಲೇ ಬೇಲಿ ಹಾಕಿಕೊಂಡಂತೆ ಆಗುವುದಿಲ್ಲವೇ? ಮಳೆ ಬಂದರೆ ದೇವರ ಕೃಪೆ, ಬಾರದಿದ್ದರೆ ದೇವರ ಪರೀಕ್ಷೆ ಎನ್ನುವ ರೈತನಿಗೂ ಇದಕ್ಕೂ ಏನು ವ್ಯತ್ಯಾಸ? ಯಾವುದು ನಡೆದರೆ ನಿಮ್ಮ ನಿರೀಕ್ಷೆ ತಪ್ಪೆಂದು ನೀವು ಒಪ್ಪುತ್ತೀರಿ? ಹಾಗೆ ಒಪ್ಪುವ ಸಂದರ್ಭವೇ ಇಲ್ಲವೆಂದರೆ ಅದು ಸಮಾಧಾನ ಹೇಳುವ ಒಂದು ಶೈಲಿ ಮಾತ್ರವಾಗುತ್ತದೆ.


ಉತ್ತರ
ಬರೆದವರು: ನಿವೃತ್ತ ಸಭಾಪಾಲಕ, ಧಾರವಾಡ

ಶಿವಮೊಗ್ಗದ ಮಿತ್ರರ ಪ್ರಶ್ನೆ ನ್ಯಾಯವಾದದ್ದು. ನಾನು ಮೊದಲ ಉತ್ತರದಲ್ಲಿ ಅದನ್ನು ಜಾಣತನದಿಂದ ದಾಟಿಹೋದೆನೇನೋ ಎಂದು ಈಗ ಅನಿಸುತ್ತಿದೆ.

ಕ್ರೈಸ್ತ ನಿರೀಕ್ಷೆ ಹುಸಿಯಾಗುವ ಸಂದರ್ಭ ಒಂದಿದೆ, ಮತ್ತು ಅದನ್ನು ಪೌಲನೇ ಬರೆದಿಟ್ಟಿದ್ದಾನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ, ಕ್ರಿಸ್ತನು ಎದ್ದುಬರಲಿಲ್ಲವಾದರೆ ನಮ್ಮ ಪ್ರಸಂಗವೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ ಎನ್ನುತ್ತಾನೆ. ಈ ಜೀವಮಾನಕ್ಕಷ್ಟೇ ಕ್ರಿಸ್ತನಲ್ಲಿ ನಿರೀಕ್ಷೆಯಿಟ್ಟವರಾಗಿದ್ದರೆ ಎಲ್ಲರಿಗಿಂತಲೂ ನಾವೇ ನಿರ್ಭಾಗ್ಯರು ಎಂದೂ ಸೇರಿಸುತ್ತಾನೆ. ಇದು ಬೇಲಿ ಹಾಕಿಕೊಂಡವನ ಮಾತಲ್ಲ, ತನ್ನ ಎಲ್ಲವನ್ನೂ ಒಂದೇ ಸಂಗತಿಯ ಮೇಲೆ ಇಟ್ಟವನ ಮಾತು. ರೋಮಿನ ಅಧಿಕಾರಿಯಾದ ಪಿಲಾತನ ಆಳ್ವಿಕೆಯಲ್ಲಿ, ಊರ ಹೊರಗೆ, ಶಿಲುಬೆಯಲ್ಲಿ ಸತ್ತ ಒಬ್ಬ ಮನುಷ್ಯನನ್ನು ದೇವರು ಎಬ್ಬಿಸಿದನೋ ಇಲ್ಲವೋ ಎಂಬುದರ ಮೇಲೆ ನಮ್ಮ ಮನೆ ನಿಂತಿದೆ. ಎಬ್ಬಿಸಲಿಲ್ಲವಾದರೆ ನೀವು ಹೇಳಿದ್ದು ಸರಿ, ನಾನು ನಲವತ್ತು ವರ್ಷ ಜನರಿಗೆ ಒಂದು ಶೈಲಿಯನ್ನು ಹಂಚಿದೆ. ಅದನ್ನು ನಿಮಗೆ ಸಾಬೀತು ಮಾಡಿ ತೋರಿಸಲು ನನ್ನಿಂದಾಗದು. ನಾನು ನಂಬಿದ್ದೇನೆ, ಮತ್ತು ಆ ನಂಬಿಕೆ ತಪ್ಪಾಗಿರಬಹುದಾದ ಜಾಗ ಯಾವುದೆಂದು ತೋರಿಸಬಲ್ಲೆ.

ಶಿಕ್ಷಕಿಯವರಿಗೆ ಇದರಿಂದ ಒಂದು ಮಾತು ಹೊರಡುತ್ತದೆ. ಲೂಕನ ಸುವಾರ್ತೆಯ ಕೊನೆಯಲ್ಲಿ, ಯೇಸು ಸತ್ತ ಮೇಲೆ, ಆತನ ಶಿಷ್ಯರಿಬ್ಬರು ಯೆರೂಸಲೇಮಿನಿಂದ ಎಮ್ಮಾಹುವಿಗೆ, ಸುಮಾರು 11 ಕಿಲೋಮೀಟರ್ ದಾರಿ, ನಡೆದು ಹೋಗುತ್ತಿದ್ದಾರೆ. ಎದ್ದುಬಂದ ಯೇಸುವೇ ಜೊತೆಗೆ ಬಂದರೂ ಗುರುತಿಸದೆ, ಅಪರಿಚಿತನೆಂದುಕೊಂಡು ಆತನಿಗೆ ಅವರು, ಇಸ್ರಾಯೇಲನ್ನು ಬಿಡಿಸುವವನು ಯೇಸುವೇ ಎಂದು ‘ನಿರೀಕ್ಷಿಸಿಕೊಂಡಿದ್ದೆವು’ ಎನ್ನುತ್ತಾರೆ. ಭೂತಕಾಲ. ನೀವು ಬರೆದ ವಾಕ್ಯವೂ ಇದೇ ಕಾಲದಲ್ಲಿದೆ. ಆತನು ಅವರಿಗೆ ತನ್ನ ಗುರುತು ಹೇಳುವ ಅವಸರ ಮಾಡದೆ, ಅವರ ದುಃಖದ ಕಥೆಯನ್ನು ಅವರ ಬಾಯಿಂದಲೇ ಪೂರ್ತಿ ಹೇಳಿಸಿ, ಅವರ ಹೆಜ್ಜೆಗೆ ಹೆಜ್ಜೆ ಹಾಕಿ, ಸಂಜೆಯವರೆಗೂ ನಡೆಯುತ್ತಾನೆ. ನಿರೀಕ್ಷೆ ಮುಗಿಯಿತೆಂದು ಊರು ಬಿಟ್ಟು ಹೊರಟವರ ಜೊತೆಗೇ ಎದ್ದುಬಂದವನು ನಡೆದನು ಎಂಬುದು ಲೂಕನ ಸಾಕ್ಷಿ. ‘ನಿಶ್ಚಯವಾದ ನಿರೀಕ್ಷೆ’ ಎಂದು ಶವಸಂಸ್ಕಾರದ ಕ್ರಮದಲ್ಲಿ ಓದುವಾಗ ನಿಶ್ಚಯವಾಗಿರುವುದು ನಮ್ಮ ಮನಸ್ಸಲ್ಲ, ಆ ಒಬ್ಬನ ಎದ್ದುಬರುವಿಕೆ. ನಿಮ್ಮ ತಮ್ಮನಿಗೆ ಮಣ್ಣು ಕೊಡುವಾಗ ನಿಮ್ಮ ಮನಸ್ಸಿನಲ್ಲಿ ಯಾವ ನಿಶ್ಚಯವೂ ಇರಲಿಲ್ಲವಾದರೆ, ಆ ಮಾತು ಸುಳ್ಳಾಗಲಿಲ್ಲ.


ಉತ್ತರ
ಬರೆದವರು: ಡಯಾಲಿಸಿಸ್ ವಿಭಾಗದ ನರ್ಸ್, ಮೂಲತಃ ದಕ್ಷಿಣ ಕನ್ನಡ

ನಾನು ಕಥೋಲಿಕಳು, ಮನೆಯಲ್ಲಿ ಕೊಂಕಣಿಯಲ್ಲಿ ಪ್ರಾರ್ಥಿಸಿ ಬೆಳೆದವಳು. ಈಗ ಕೊಲ್ಲಿಯ ಒಂದು ದೇಶದಲ್ಲಿ ಡಯಾಲಿಸಿಸ್ ವಿಭಾಗದಲ್ಲಿದ್ದೇನೆ. ತಮ್ಮನ ಕೈಯ ಗುಂಯ್‌ಗುಡುವಿಕೆಯ ಬಗ್ಗೆ ನೀವು ಬರೆದದ್ದನ್ನು ಓದಿ ಡ್ಯೂಟಿಯ ನಡುವೆ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ಅದಕ್ಕೆ ನಾವು ‘ಥ್ರಿಲ್’ ಎನ್ನುತ್ತೇವೆ. ಪ್ರತಿ ರೋಗಿ ಬಂದ ಕೂಡಲೇ ಸೂಜಿ ಚುಚ್ಚುವ ಮೊದಲು ಮೂರು ಬೆರಳಿಟ್ಟು ಅದನ್ನು ನೋಡುತ್ತೇವೆ, ಆಮೇಲೆ ಸ್ಟೆತಸ್ಕೋಪ್ ಇಟ್ಟು ಅದರ ಸದ್ದು ಕೇಳುತ್ತೇವೆ. ನರ್ಸ್ ಆಗಿ ನಿಮಗೆ ಒಂದು ವಿಷಯವನ್ನು ಖಚಿತವಾಗಿ ಹೇಳಬಲ್ಲೆ. ಫಿಸ್ಟುಲಾ ಕೆಲಸ ಮಾಡುತ್ತಿದ್ದರೂ ಹೃದಯ ಸೋಲಬಹುದು, ಸೋಂಕು ತಗಲಬಹುದು. ಮನೆಯವರ ಸಂದೇಹದಿಂದ ಅವುಗಳಲ್ಲಿ ಯಾವುದೂ ಬರುವುದಿಲ್ಲ. ರಾತ್ರಿ ಎದ್ದು ಬೆರಳಿಟ್ಟು ನೋಡುವ ಅಕ್ಕಂದಿರು ಎಲ್ಲ ರೋಗಿಗಳಿಗೂ ಇರುವುದಿಲ್ಲ.

ಸಭಾಪಾಲಕರ ಮಾತುಗಳನ್ನು ನಾನು ಒಪ್ಪುತ್ತೇನೆ, ಒಂದನ್ನು ಬಿಟ್ಟು: ಅವರು ಪುನರುತ್ಥಾನಕ್ಕೆ ಸ್ವಲ್ಪ ಬೇಗ ಹೋದರು ಎಂದು ನನಗೆ ಅನಿಸಿತು. ಶುಭ ಶುಕ್ರವಾರಕ್ಕೂ ಈಸ್ಟರಿಗೂ ನಡುವೆ ಇಡೀ ಒಂದು ಶನಿವಾರವಿದೆ. ನಮ್ಮ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಆ ದಿನ ಹಗಲು ಬಲಿಪೂಜೆ ಇರುವುದಿಲ್ಲ. ಪೀಠದ ಮೇಲಿನ ಬಟ್ಟೆಯನ್ನೂ ತೆಗೆದಿರುತ್ತಾರೆ, ಪರಮ ಪ್ರಸಾದದ ಪೆಟ್ಟಿಗೆ ಬಾಗಿಲು ತೆರೆದು ಖಾಲಿಯಾಗಿರುತ್ತದೆ, ಅದರ ಬಳಿ ಸದಾ ಉರಿಯುವ ಕೆಂಪು ದೀಪವೂ ಆರಿರುತ್ತದೆ. ಚಿಕ್ಕವಳಿದ್ದಾಗ ನಮ್ಮ ವಾಡೆಯ ಮುಖಂಡರಾದ ಗುರ್ಕಾರರ ಹೆಂಡತಿಯ ಜೊತೆ ಹೂವು ಜೋಡಿಸಲು ಹೋಗಿ, ಆ ಖಾಲಿ ಪೆಟ್ಟಿಗೆ ನೋಡಿ ಹೆದರಿ ‘ದೇವರು ಎಲ್ಲಿ ಹೋದರು?’ ಎಂದು ಕೇಳಿದ್ದೆ. ಆಕೆ ಗುಡಿಸುವುದನ್ನು ನಿಲ್ಲಿಸದೆಯೇ, ‘ಇವತ್ತು ಸತ್ತವರ ಹತ್ತಿರ ಇದ್ದಾರೆ, ರಾತ್ರಿ ಬರುತ್ತಾರೆ’ ಎಂದಳು. ಆತನು ಪಾತಾಳಕ್ಕೆ ಇಳಿದನೆಂದು ವಿಶ್ವಾಸ ಪ್ರಮಾಣದಲ್ಲಿ ನಾವೆಲ್ಲ ಹೇಳುತ್ತೇವಲ್ಲ, ಅದರ ಬಗ್ಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಆಮೇಲೆ ಕೇಳಿಲ್ಲ. ನೀವೀಗ ಆ ಶನಿವಾರದಲ್ಲಿದ್ದೀರಿ. ಅಲ್ಲಿ ಹಾಡದೆ ಇರುವುದು ತಪ್ಪೇನಲ್ಲ. ಆ ಹಗಲು ಇಡೀ ಸಭೆಯೇ ಮೌನವಾಗಿರುತ್ತದೆ.

ನಿಮ್ಮ ‘ನಿರೀಕ್ಷೆ’ಗೆ ನಮ್ಮ ಕೊಂಕಣಿಯಲ್ಲಿ ‘ಭರ್ವಸೊ’ ಎನ್ನುತ್ತೇವೆ, ಕನ್ನಡದ ಭರವಸೆಯೇ. 2025ನ್ನು ಪೋಪ್ ಫ್ರಾನ್ಸಿಸ್ ಈ ಭರವಸೆಯ ಹೆಸರಿನಲ್ಲಿಯೇ ಜುಬಿಲಿ ವರ್ಷವೆಂದು ಸಾರಿದ್ದರು. ಭರವಸೆಯು ನಮ್ಮನ್ನು ನಿರಾಶೆಗೊಳಿಸುವುದಿಲ್ಲವೆಂಬ ರೋಮಾಪುರದವರಿಗೆ ಬರೆದ ಪತ್ರದ ಮಾತನ್ನು ಅದಕ್ಕೆ ಆರಿಸಿಕೊಂಡಿದ್ದರು. ಆ ವರ್ಷ ಮುಗಿಯುವುದನ್ನು ನೋಡಲು ಅವರೇ ಇರಲಿಲ್ಲ. ಈಸ್ಟರ್ ಹಬ್ಬದ ಮರುದಿನ, ಏಪ್ರಿಲ್ 21ರಂದು ತೀರಿಕೊಂಡರು.

ಹ್ಯಾಂಬರ್ಗಿನ ದೈವಶಾಸ್ತ್ರಜ್ಞ ಯೂರ್ಗೆನ್ ಮೋಲ್ಟ್‌ಮನ್ ಅವರ ಕಥೆಯನ್ನು ನಮ್ಮ ಚಾಪ್ಲಿನ್ (ಪಾದ್ರಿ) ಒಬ್ಬರು ಹೇಳಿದ್ದರು. 1943ರ ಜುಲೈ ತಿಂಗಳ ಬಾಂಬ್ ದಾಳಿಯಲ್ಲಿ, ಹದಿನೇಳು ವರ್ಷದ ಅವರ ಪಕ್ಕದಲ್ಲಿ ನಿಂತಿದ್ದ ಗೆಳೆಯ ಸತ್ತ, ಅವರು ಉಳಿದರು. ದೈವಭಕ್ತಿಯ ಮನೆಯಲ್ಲಿ ಬೆಳೆದವರಲ್ಲ. ಆದರೂ ಆ ರಾತ್ರಿ ದೇವರು ಎಲ್ಲಿದ್ದಾನೆಂದು ಕೂಗಿಕೊಂಡರಂತೆ. ಮುಂದೆ ಯುದ್ಧಕೈದಿಯಾಗಿದ್ದಾಗ ಯಾರೋ ಕೊಟ್ಟ ಬೈಬಲಿನಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಸಾಂತ್ವನದ ಮಾತುಗಳಲ್ಲ, 39ನೆಯ ಕೀರ್ತನೆಯ ದೂರು ಮತ್ತು ಶಿಲುಬೆಯ ಮೇಲೆ ಯೇಸು ‘ನನ್ನ ದೇವರೇ, ಏಕೆ ಕೈಬಿಟ್ಟೆ’ ಎಂದು ಕೂಗಿದ್ದು. ತನ್ನನ್ನು ಅರ್ಥಮಾಡಿಕೊಳ್ಳುವ ಒಬ್ಬನು ಇದ್ದಾನೆಂದು ಅಲ್ಲಿ ಅವರಿಗೆ ಅನಿಸಿತು. ಮುಂದೆ ಅವರೇ 1964ರಲ್ಲಿ ಕ್ರೈಸ್ತ ನಿರೀಕ್ಷೆಯ ಬಗ್ಗೆ ಬರೆದ ಗ್ರಂಥ ಜಗತ್ತಿನ ದೈವಶಾಸ್ತ್ರದ ದಿಕ್ಕನ್ನೇ ಬದಲಿಸಿತಂತೆ. ನಾನು ಅದನ್ನು ಓದಿಲ್ಲ. ನನಗೆ ಆ ಕೈದಿ ಹುಡುಗನೇ ಸಾಕು.

ನೀವು ಕೇಳಿದ್ದಕ್ಕೆ ನೇರವಾಗಿ ಹೇಳುವುದಾದರೆ: ಸದ್ಯಕ್ಕೆ ಏನನ್ನೂ ನಿರೀಕ್ಷಿಸಬೇಡಿ, ದೂರನ್ನು ಹೇಳಿ. 88ನೆಯ ಕೀರ್ತನೆಯನ್ನು ತೆರೆದು ನೋಡಿ. ಅದರಲ್ಲಿ ಕೊನೆಗೂ ಬೆಳಕು ಬರುವುದಿಲ್ಲ. ಇಬ್ರಿಯ ಮೂಲದಲ್ಲಿ ಅದರ ಕಟ್ಟಕಡೆಯ ಪದವೇ ‘ಕತ್ತಲೆ’ ಎಂದು ಹೇಳುತ್ತಾರೆ. ಹಾಗಿದ್ದೂ ಅದನ್ನು ಪ್ರಾರ್ಥನೆಗಳ ಪುಸ್ತಕದಿಂದ ಯಾರೂ ತೆಗೆದುಹಾಕಲಿಲ್ಲ.


ಪ್ರತಿಕ್ರಿಯೆ
ಬರೆದವರು: ಹಾವೇರಿ ಕಡೆಯ ಶಿಕ್ಷಕಿ

ಎಲ್ಲರ ಉತ್ತರಗಳನ್ನೂ ಎರಡೆರಡು ಬಾರಿ ಓದಿದೆ. ಶಿವಮೊಗ್ಗದವರಿಗೂ ಕೃತಜ್ಞತೆಗಳು, ನನ್ನ ಬಾಯಲ್ಲಿ ಬಾರದಿದ್ದ ಪ್ರಶ್ನೆಯನ್ನು ಅವರು ಕೇಳಿದರು. ಎದ್ದುಬಂದದ್ದು ನಿಜವೇ ಎಂಬುದರ ಬಗ್ಗೆ ನನಗೆ ಇಂದು ಏನೂ ಹೇಳಲು ಬಾರದು, ಆದರೆ ಆ ಪ್ರಸಂಗಿಯ ಲೆಕ್ಕವನ್ನು ಇನ್ನು ಮುಂದೆ ಹಾಕುವುದಿಲ್ಲ. ವಿಭಕ್ತಿಯ ಮಾತು ಮಾತ್ರ ತಲೆಯಲ್ಲಿ ಸುತ್ತುತ್ತಲೇ ಇದೆ. ಹತ್ತನೆಯ ತರಗತಿಯಲ್ಲಿ ‘ಅನ್ನು’ ಪ್ರತ್ಯಯ ಬರೆಯಿಸುವಾಗ ಒಮ್ಮೆ ಸೀಮೆಸುಣ್ಣ ಕೈಯಲ್ಲೇ ನಿಂತುಬಿಟ್ಟಿತು.

ಬರುವ ತಿಂಗಳು ತಮ್ಮನ ವರ್ಷದ ಪ್ರಾರ್ಥನೆ. ನಿನ್ನೆ ರಾತ್ರಿ ಅಮ್ಮ ಸತ್ಯವೇದವನ್ನು ನನ್ನ ಕೈಗೆ ಕೊಟ್ಟು, ಅವತ್ತು ನೀನೇ ಓದಬೇಕು, ಯಾವ ಭಾಗವೆಂದು ಆರಿಸು ಎಂದರು. ನಾನು 88ನೆಯ ಕೀರ್ತನೆ ಎಂದೆ. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಕೊನೆಯವರೆಗೆ ಮೆಲ್ಲಗೆ ಓದಿ, ಪುಟ ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ, ‘ಇದರಲ್ಲಿ ಕಡೆಗೂ ಬೆಳಗಾಗಲಿಲ್ಲವಲ್ಲೇ’ ಎಂದರು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಓದು. ಹಾಡುವುದನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಹೇಳಿ ಒಲೆಯ ಮೇಲಿನ ಸಾರು ನೋಡಲು ಎದ್ದುಹೋದರು. ದಿನ ಗುರುವಾರ ಬೀಳುತ್ತದೆ. ಶಾಲೆಗೆ ರಜೆ ಬರೆದು ಕೊಟ್ಟಿದ್ದೇನೆ.